ಡೇಟಾ ಬೈಂಡಿಂಗ್: ಡೆಸ್ಕ್‌ಟಾಪ್ ತಂತ್ರಾಂಶದಲ್ಲಿ ಫಾರ್ಮ್ ಮತ್ತು ದತ್ತಾಂಶದ ಜೋಡಣೆ

ಡೇಟಾ ಬೈಂಡಿಂಗ್ ಎಂದರೆ ಫಾರ್ಮ್‌ನ ಮೇಲಿರುವ ಒಂದು ಕಂಟ್ರೋಲ್‌ನ ಪ್ರಾಪರ್ಟಿಯನ್ನು ತಂತ್ರಾಂಶದೊಳಗಿನ ದತ್ತಾಂಶದ ಒಂದು ಅಂಶಕ್ಕೆ ಕಟ್ಟಿ, ಒಂದು ಕಡೆಯ ಬದಲಾವಣೆ ಇನ್ನೊಂದು ಕಡೆಗೆ ತಾನಾಗಿ ತಲುಪುವಂತೆ ಮಾಡುವ ವ್ಯವಸ್ಥೆ. ಇದು ಇಲ್ಲದಿದ್ದರೆ ಪ್ರೋಗ್ರಾಮರ್ ಪ್ರತಿಯೊಂದು ಟೆಕ್ಸ್ಟ್‌ಬಾಕ್ಸ್‌ಗೂ ಕನಿಷ್ಠ ಎರಡು ಸಾಲು ಬರೆಯಬೇಕಾಗುತ್ತದೆ. ಫಾರ್ಮ್ ತೆರೆದಾಗ ಮೌಲ್ಯವನ್ನು ಪೆಟ್ಟಿಗೆಗೆ ತುಂಬಲು ಒಂದು, ಉಳಿಸುವಾಗ ಪೆಟ್ಟಿಗೆಯಿಂದ ಹಿಂದಕ್ಕೆ ಓದಲು ಇನ್ನೊಂದು. 40 ಖಾನೆಗಳ ಅರ್ಜಿಗೆ ಅದು 80 ಸಾಲು. ಹೊಸ ಖಾನೆ ಸೇರಿಸಿ ಎರಡನೆಯ ಸಾಲು ಮರೆತರೆ ಬಳಕೆದಾರ ತುಂಬಿದ ವಿವರ ದತ್ತಸಂಚಯಕ್ಕೆ ಹೋಗುವುದೇ ಇಲ್ಲ. ಈ ನಕಲು ಮಾಡುವ ಕೆಲಸವನ್ನು ಪ್ರೋಗ್ರಾಮರ್‌ನ ಕೈಯಿಂದ ತೆಗೆದು ವ್ಯವಸ್ಥೆಗೆ ಒಪ್ಪಿಸುವುದೇ ಬೈಂಡಿಂಗ್‌ನ ಉದ್ದೇಶ.

ಈ ಲೇಖನದಲ್ಲಿ ಮೌಲ್ಯ ಇರುವ ವಸ್ತುವನ್ನು ಮೂಲ ಎಂದೂ, ಅದನ್ನು ತೋರಿಸುವ ಕಂಟ್ರೋಲ್‌ನ ಪ್ರಾಪರ್ಟಿಯನ್ನು ಗುರಿ ಎಂದೂ, ಇವೆರಡರ ನಡುವಿನ ಒಂದು ಜೋಡಣೆಯನ್ನು ಬಂಧ ಎಂದೂ ಕರೆಯಲಾಗಿದೆ. ಬೈಂಡಿಂಗ್ ಎಂಬ ಪದಕ್ಕೆ ಪ್ರೋಗ್ರಾಮಿಂಗ್‌ನಲ್ಲಿ ಬೇರೆ ಅರ್ಥಗಳೂ ಇವೆ. ಹೆಸರನ್ನು ವಿಳಾಸಕ್ಕೆ ಕಟ್ಟುವ ಅರ್ಲಿ ಬೈಂಡಿಂಗ್ ಮತ್ತು ಲೇಟ್ ಬೈಂಡಿಂಗ್, ಎಕ್ಸ್‌ಎಂಎಲ್ ಕಡತವನ್ನು ವಸ್ತುಗಳಾಗಿ ಬದಲಿಸುವ ಎಕ್ಸ್‌ಎಂಎಲ್ ಬೈಂಡಿಂಗ್, ಇವು ಇಲ್ಲಿನ ವಿಷಯವಲ್ಲ.

ಹುಟ್ಟು ಮತ್ತು ಬೆಳವಣಿಗೆ

ಒಂದು ಮೌಲ್ಯ ಬದಲಾದಾಗ ಅದನ್ನು ನೆಚ್ಚಿಕೊಂಡವೆಲ್ಲ ಬದಲಾಗಬೇಕೆಂಬ ಆಲೋಚನೆ ಫಾರ್ಮ್‌ಗಳಿಗಿಂತ ಹಳೆಯದು. 1963ರಲ್ಲಿ ಐವನ್ ಸದರ್ಲೆಂಡ್ ಎಂಐಟಿಯಲ್ಲಿ ರಚಿಸಿದ ಸ್ಕೆಚ್‌ಪ್ಯಾಡ್ ರೇಖೆಗಳ ನಡುವಿನ ನಿರ್ಬಂಧಗಳನ್ನು ನೆನಪಿಟ್ಟುಕೊಂಡು, ಒಂದು ಬಿಂದುವನ್ನು ಎಳೆದಾಗ ಉಳಿದ ಚಿತ್ರವನ್ನು ತಾನೇ ಸರಿಪಡಿಸುತ್ತಿತ್ತು. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಅವರ ವಿಸಿಕ್ಯಾಲ್ಕ್ ಇದೇ ತತ್ವವನ್ನು ಲೆಕ್ಕದ ಹಾಳೆಗೆ ತಂದಿತು. ಅದೇ ಹೊತ್ತಿಗೆ, 1978-79ರಲ್ಲಿ, ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಟ್ರಿಗ್ವೆ ರೀನ್ಸ್‌ಕಾಗ್ ಸ್ಮಾಲ್‌ಟಾಕ್ ಭಾಷೆಗಾಗಿ ಮಾಡೆಲ್-ವ್ಯೂ-ಕಂಟ್ರೋಲರ್ ವಿನ್ಯಾಸವನ್ನು ರೂಪಿಸಿದರು. ದತ್ತಾಂಶವು ತನ್ನನ್ನು ಯಾರು ತೋರಿಸುತ್ತಿದ್ದಾರೆಂದು ತಿಳಿಯದೆಯೇ ‘ನಾನು ಬದಲಾದೆ’ ಎಂದು ಸಾರುವ ಪದ್ಧತಿ ಅಲ್ಲಿಂದ ಬಂತು. ಇಂದಿನ ಎಲ್ಲ ಬೈಂಡಿಂಗ್ ವ್ಯವಸ್ಥೆಗಳ ಅಡಿಪಾಯ ಅದೇ.

ವ್ಯಾಪಾರಿ ತಂತ್ರಾಂಶದ ಕಡೆಯಿಂದ ಇನ್ನೊಂದು ಧಾರೆ ಹರಿದುಬಂತು. ಡಿಬೇಸ್ ಮತ್ತು ಫಾಕ್ಸ್‌ಪ್ರೊಗಳಲ್ಲಿ ತೆರೆಯ ಸಾಲು-ಕಂಬದ ಸಂಖ್ಯೆ ಕೊಟ್ಟು, ‘ಸೇ’ ಎಂದು ಶೀರ್ಷಿಕೆಯನ್ನೂ ‘ಗೆಟ್’ ಎಂದು ಚರಾಂಶ ಅಥವಾ ಕೋಷ್ಟಕದ ಅಂಕಣವನ್ನೂ ನಮೂದಿಸಿ, ಕೊನೆಗೆ ‘ರೀಡ್’ ಎಂದರೆ ಸಾಕಿತ್ತು. ಬಳಕೆದಾರ ಹೊಡೆದದ್ದು ನೇರವಾಗಿ ಅಲ್ಲಿಗೆ ಸೇರುತ್ತಿತ್ತು. ಬೈಂಡಿಂಗ್ ಎಂಬ ಹೆಸರು ಅದಕ್ಕಿರಲಿಲ್ಲ, ಆದರೆ ಕೆಲಸ ಅದೇ.

ಚಿತ್ರಾತ್ಮಕ ತೆರೆಗಳು ಬಂದ ಮೇಲೆ 1991ರ ಪವರ್‌ಬಿಲ್ಡರ್ ತನ್ನ ಡೇಟಾವಿಂಡೋ ಮೂಲಕ ಪ್ರಶ್ನೆ, ತೋರಿಕೆ, ತಿದ್ದುಪಡಿ ಮೂರನ್ನೂ ಒಂದೇ ವಸ್ತುವಿನಲ್ಲಿ ಕೂಡಿಸಿತು. 1992ರ ಕೊನೆಯಲ್ಲಿ ಬಂದ ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಕೋಷ್ಟಕಕ್ಕೆ ಕಟ್ಟಿದ ಫಾರ್ಮ್ ಮೂಲ ಸೌಲಭ್ಯವೇ ಆಗಿತ್ತು. 1993ರ ವಿಷುಯಲ್ ಬೇಸಿಕ್ 3 ಡೇಟಾ ಕಂಟ್ರೋಲ್ ಎಂಬ ನಾಲ್ಕು ಬಾಣದ ಗುಂಡಿಗಳ ಪಟ್ಟಿಯನ್ನು ಕೊಟ್ಟಿತು. ಅದನ್ನು ಫಾರ್ಮ್ ಮೇಲಿಟ್ಟು, ಟೆಕ್ಸ್ಟ್‌ಬಾಕ್ಸ್‌ನ ಎರಡು ಪ್ರಾಪರ್ಟಿ ತುಂಬಿದರೆ ಒಂದು ಸಾಲೂ ಕೋಡ್ ಇಲ್ಲದೆ ದಾಖಲೆಗಳನ್ನು ನೋಡಬಹುದಿತ್ತು, ತಿದ್ದಬಹುದಿತ್ತು. ಪ್ರೋಗ್ರಾಮಿಂಗ್ ಕಲಿಯುವವರ ಒಂದು ತಲೆಮಾರಿಗೆ ಬೈಂಡಿಂಗ್‌ನ ಪರಿಚಯವಾದದ್ದು ಈ ಬಾಣಗಳಿಂದ. 1995ರ ಡೆಲ್ಫಿ, ಕೋಷ್ಟಕ ಮತ್ತು ಕಂಟ್ರೋಲ್‌ಗಳ ನಡುವೆ ಡೇಟಾಸೋರ್ಸ್ ಎಂಬ ಮಧ್ಯವರ್ತಿಯನ್ನು ತಂದಿತು. ಕೋಷ್ಟಕವನ್ನು ಬದಲಿಸಬೇಕಾದಾಗ ಕಂಟ್ರೋಲ್‌ಗಳನ್ನು ಒಂದೊಂದಾಗಿ ಮುಟ್ಟುವ ಕಷ್ಟ ಅದರಿಂದ ತಪ್ಪಿತು.

ಈ ಉಪಕರಣಗಳೆಲ್ಲ ಫಾರ್ಮನ್ನು ನೇರವಾಗಿ ದತ್ತಸಂಚಯದ ಸಾಲಿಗೆ ಕಟ್ಟುತ್ತಿದ್ದವು. ಸಾಲಿಗಲ್ಲ, ವಸ್ತುವಿಗೆ ಕಟ್ಟಬೇಕೆಂಬ ಮುಂದಿನ ಹೆಜ್ಜೆಯನ್ನು ಮೊದಲು ಇಟ್ಟವರಲ್ಲಿ ನೆಕ್ಸ್ಟ್ ಕಂಪನಿ ಒಂದು. ಅದರ ಎಂಟರ್‌ಪ್ರೈಸ್ ಆಬ್ಜೆಕ್ಟ್ಸ್ ಫ್ರೇಮ್‌ವರ್ಕ್ 1994ರಲ್ಲಿ ಬಂತು. ಅದರ ಅನುಭವವೇ ಮುಂದೆ 2003ರ ಮ್ಯಾಕ್ ಓಎಸ್ ಟೆನ್ ಪ್ಯಾಂಥರ್‌ನಲ್ಲಿ ಕೊಕೊವಾ ಬೈಂಡಿಂಗ್ಸ್ ಆಗಿ ರೂಪ ತಳೆಯಿತು. ಮೈಕ್ರೋಸಾಫ್ಟ್ ಕಡೆಯಲ್ಲಿ 2002ರ ವಿಂಡೋಸ್ ಫಾರ್ಮ್ಸ್ ಯಾವುದೇ ವಸ್ತುವಿನ ಯಾವುದೇ ಸಾರ್ವಜನಿಕ ಪ್ರಾಪರ್ಟಿಗೆ ಕಂಟ್ರೋಲನ್ನು ಕಟ್ಟಲು ಬಿಟ್ಟಿತು. 2006ರ ವಿಂಡೋಸ್ ಪ್ರೆಸೆಂಟೇಶನ್ ಫೌಂಡೇಶನ್, ಬಳಕೆಯಲ್ಲಿ ಡಬ್ಲ್ಯುಪಿಎಫ್, ಬೈಂಡಿಂಗನ್ನೇ ಇಡೀ ತೆರೆಯ ವಿನ್ಯಾಸದ ಕೇಂದ್ರವಾಗಿಸಿತು.

ರಚನೆ

ಒಂದು ಬಂಧಕ್ಕೆ ನಾಲ್ಕು ವಿವರ ಬೇಕು: ಗುರಿಯ ಕಂಟ್ರೋಲ್, ಅದರ ಪ್ರಾಪರ್ಟಿಯ ಹೆಸರು, ಮೂಲದ ವಸ್ತು, ಆ ವಸ್ತುವಿನೊಳಗಿನ ಪ್ರಾಪರ್ಟಿಯ ಹಾದಿ. ‘ಗ್ರಾಹಕ, ಅವನ ವಿಳಾಸ, ಅದರ ಪಿನ್‌ಕೋಡ್’ ಎಂಬಂತೆ ಹಾದಿ ಹಲವು ಹಂತ ಇಳಿಯಬಹುದು. ಇವಲ್ಲದೆ ಬದಲಾವಣೆಯ ಸೂಚನೆ, ಮೌಲ್ಯದ ಪರಿವರ್ತನೆ, ಪರಿಶೀಲನೆ ಎಂಬ ಮೂರು ಸಹಾಯಕ ಯಂತ್ರಗಳು ಬಂಧದ ಜೊತೆಗಿರುತ್ತವೆ.

ಸೂಚನೆ ಇಲ್ಲದೆ ಬಂಧ ಕುರುಡು. ಕೋಡ್‌ನಲ್ಲಿ ವಸ್ತುವಿನ ಮೌಲ್ಯ ಬದಲಾದರೆ ಅದು ತೆರೆಗೆ ತಿಳಿಯಲು ವಸ್ತುವೇ ಸಾರಬೇಕು. ವಿಂಡೋಸ್ ಫಾರ್ಮ್ಸ್ ಮತ್ತು ಡಬ್ಲ್ಯುಪಿಎಫ್‌ಗಳಿಗೆ ಆಧಾರವಾದ ಡಾಟ್‌ನೆಟ್‌ನಲ್ಲಿ ಇದಕ್ಕಿರುವ ಒಪ್ಪಂದ (ಇಂಟರ್‌ಫೇಸ್) 2005ರ ಡಾಟ್‌ನೆಟ್ 2.0ರಲ್ಲಿ ಬಂದ ಐನೋಟಿಫೈಪ್ರಾಪರ್ಟಿಚೇಂಜ್ಡ್. ಅದರಲ್ಲಿರುವುದು ಒಂದೇ ಘಟನೆ. ಬದಲಾದ ಪ್ರಾಪರ್ಟಿಯ ಹೆಸರನ್ನು ಅದು ಪಠ್ಯವಾಗಿ ಕಳಿಸುತ್ತದೆ. ಖಾಲಿ ಹೆಸರು ಕಳಿಸಿದರೆ ‘ಎಲ್ಲವೂ ಬದಲಾಗಿದೆ’ ಎಂದರ್ಥ. ಹೆಸರು ಪಠ್ಯವಾದ್ದರಿಂದ ಒಂದಕ್ಷರ ತಪ್ಪಿದರೂ ಕಂಪೈಲರ್ ಹಿಡಿಯುತ್ತಿರಲಿಲ್ಲ, ತೆರೆ ಸುಮ್ಮನೆ ಹಳೆಯ ಮೌಲ್ಯವನ್ನೇ ತೋರಿಸುತ್ತಿತ್ತು. ಸಿ ಶಾರ್ಪ್ ಭಾಷೆಗೆ 2012 ಮತ್ತು 2015ರಲ್ಲಿ ಸೇರಿದ ಸೌಲಭ್ಯಗಳು ಹೆಸರನ್ನು ಕಂಪೈಲರ್‌ನಿಂದಲೇ ಪಡೆಯುವಂತೆ ಮಾಡಿ ಈ ತೊಂದರೆಯನ್ನು ಬಹುಪಾಲು ನೀಗಿಸಿದವು. ಜಾವಾದಲ್ಲಿ ಪ್ರಾಪರ್ಟಿಚೇಂಜ್‌ಲಿಸನರ್, ಮ್ಯಾಕ್‌ನಲ್ಲಿ ಕೀ-ವ್ಯಾಲ್ಯೂ ಅಬ್ಸರ್ವಿಂಗ್, ಕ್ಯೂಟಿ ಎಂಬ ಸಿ ಪ್ಲಸ್ ಪ್ಲಸ್ ಚೌಕಟ್ಟಿನಲ್ಲಿ ನೋಟಿಫೈ ಸಿಗ್ನಲ್ ಇದೇ ಕೆಲಸ ಮಾಡುತ್ತವೆ.

ಪಟ್ಟಿಗಳಿಗೆ ಸೂಚನೆ ಬೇರೆ. ಸಾಲು ಸೇರಿತು, ಹೋಯಿತು, ಜಾಗ ಬದಲಿಸಿತು ಎಂಬುದನ್ನು ಪಟ್ಟಿಯೇ ಹೇಳಬೇಕು. ಬೈಂಡಿಂಗ್‌ಲಿಸ್ಟ್ ಮತ್ತು ಅಬ್ಸರ್ವಬಲ್‌ಕಲೆಕ್ಷನ್ ಹಾಗೆ ಹೇಳುತ್ತವೆ, ಸಾಧಾರಣ ಲಿಸ್ಟ್ ಹೇಳುವುದಿಲ್ಲ. ‘ಪಟ್ಟಿಗೆ ಸೇರಿಸಿದೆ, ಗ್ರಿಡ್‌ನಲ್ಲಿ ಕಾಣುತ್ತಿಲ್ಲ’ ಎಂಬ ಹೊಸಬರ ದೂರಿಗೆ ಬಹುಮಟ್ಟಿಗೆ ಇದೇ ಕಾರಣ.

ಪ್ರಸ್ತುತ ಸಾಲು

ಪಟ್ಟಿಗೆ ಕಟ್ಟಿದ ಫಾರ್ಮ್‌ನಲ್ಲಿ ಟೆಕ್ಸ್ಟ್‌ಬಾಕ್ಸ್‌ಗಳು ಒಂದು ಹೊತ್ತಿಗೆ ಒಂದು ಸಾಲನ್ನು ಮಾತ್ರ ತೋರಿಸಬಲ್ಲವು. ಅದು ಯಾವುದೆಂದು ನೆನಪಿಡುವುದು ಬೇರೊಂದು ವಸ್ತುವಿನ ಹೊಣೆ. ವಿಂಡೋಸ್ ಫಾರ್ಮ್ಸ್‌ನಲ್ಲಿ ಅದರ ಹೆಸರು ಕರೆನ್ಸಿಮ್ಯಾನೇಜರ್. ಇಲ್ಲಿ ಕರೆನ್ಸಿ ಎಂದರೆ ಹಣವಲ್ಲ, ‘ಈಗಿನದಾಗಿರುವಿಕೆ’. ಒಂದೇ ಪಟ್ಟಿಗೆ ಕಟ್ಟಿದ ಎಲ್ಲ ಕಂಟ್ರೋಲ್‌ಗಳೂ ಒಂದೇ ಕರೆನ್ಸಿಮ್ಯಾನೇಜರನ್ನು ಹಂಚಿಕೊಳ್ಳುವುದರಿಂದ ಪಟ್ಟಿಪೆಟ್ಟಿಗೆಯಲ್ಲಿ ಬೇರೆ ಸಾಲನ್ನು ಆರಿಸಿದ ಕೂಡಲೆ ಪಕ್ಕದ ಪೆಟ್ಟಿಗೆಗಳೆಲ್ಲ ಒಟ್ಟಿಗೆ ಸರಿಯುತ್ತವೆ. ಎರಡು ಪಟ್ಟಿಪೆಟ್ಟಿಗೆಗಳು ಒಂದರ ಹಿಂದೆ ಒಂದು ಬೇಡವೆಂದರೂ ಚಲಿಸುವುದಕ್ಕೂ ಇದೇ ಕಾರಣ. ಬೇರೆ ಬೇರೆ ಸಾಲು ತೋರಿಸಬೇಕಿದ್ದರೆ ಪ್ರತಿಯೊಂದಕ್ಕೂ ಬೈಂಡಿಂಗ್‌ಸೋರ್ಸ್ ಎಂಬ ಪ್ರತ್ಯೇಕ ಮಧ್ಯವರ್ತಿ ವಸ್ತುವನ್ನು ಕೊಡಬೇಕು. ಡಬ್ಲ್ಯುಪಿಎಫ್‌ನಲ್ಲಿ ಈ ಪಾತ್ರವನ್ನು ಕಲೆಕ್ಷನ್‌ವ್ಯೂ, ಮ್ಯಾಕ್‌ನಲ್ಲಿ ಅರೇಕಂಟ್ರೋಲರ್ ವಹಿಸುತ್ತವೆ. ವಿಂಗಡಣೆ ಮತ್ತು ಸೋಸುವಿಕೆಯೂ ಇವುಗಳಲ್ಲೇ ನಡೆಯುತ್ತದೆ, ಮೂಲ ಪಟ್ಟಿ ಕದಲುವುದಿಲ್ಲ.

ಬಗೆಗಳು

ಒಂದು ಪ್ರಾಪರ್ಟಿಗೆ ಒಂದು ಮೌಲ್ಯವನ್ನು ಕಟ್ಟುವುದು ಸರಳ ಬಂಧ. ಗ್ರಿಡ್ ಅಥವಾ ಪಟ್ಟಿಪೆಟ್ಟಿಗೆಗೆ ಇಡೀ ಪಟ್ಟಿಯನ್ನು ಕಟ್ಟುವುದು ಸಂಕೀರ್ಣ ಬಂಧ ಅಥವಾ ಪಟ್ಟಿ ಬಂಧ. ಮೂರನೆಯದು ಹುಡುಕು ಬಂಧ. ಅರ್ಜಿಯಲ್ಲಿ ಉಳಿಯಬೇಕಾದದ್ದು ಜಿಲ್ಲೆಯ ಸಂಕೇತಸಂಖ್ಯೆ, ಕಾಣಬೇಕಾದದ್ದು ‘ಹಾಸನ’ ಎಂಬ ಹೆಸರು. ಕಾಂಬೊಬಾಕ್ಸ್ ಒಂದು ಪಟ್ಟಿಯಿಂದ ಹೆಸರನ್ನು ತೋರಿಸಿ ಇನ್ನೊಂದು ವಸ್ತುವಿಗೆ ಸಂಖ್ಯೆಯನ್ನು ಬರೆಯುತ್ತದೆ. ಹೀಗೆ ಒಂದೇ ಕಂಟ್ರೋಲ್‌ಗೆ ಎರಡು ಮೂಲಗಳಿರುವುದರಿಂದ ಮೊದಲ ಬಾರಿ ಬಳಸುವವರು ತಡವರಿಸುವುದು ಇಲ್ಲಿಯೇ.

ದಿಕ್ಕಿನ ಪ್ರಕಾರ ಬಂಧವು ಏಕಮುಖ ಆಗಬಹುದು, ದ್ವಿಮುಖ ಆಗಬಹುದು. ಡಬ್ಲ್ಯುಪಿಎಫ್ ಇವಲ್ಲದೆ ಒಮ್ಮೆ ಮಾತ್ರ ಓದುವ ಬಂಧ, ಗುರಿಯಿಂದ ಮೂಲಕ್ಕೆ ಮಾತ್ರ ಬರೆಯುವ ಬಂಧ ಎಂಬ ಇನ್ನೆರಡನ್ನು ಕೊಡುತ್ತದೆ.

ಮೌಲ್ಯ ಸಾಗುವ ಹೊತ್ತು

ದಿಕ್ಕಿಗಿಂತ ಹೊತ್ತು ಮುಖ್ಯ. ಬೈಂಡಿಂಗ್‌ನಲ್ಲಿ ಬರುವ ದೋಷಗಳಲ್ಲಿ ದೊಡ್ಡ ಪಾಲು ಮೌಲ್ಯ ಎತ್ತ ಸಾಗುತ್ತದೆ ಎಂಬುದರಿಂದ ಹುಟ್ಟುವುದಿಲ್ಲ, ಯಾವಾಗ ಸಾಗುತ್ತದೆ ಎಂಬುದರಿಂದ ಹುಟ್ಟುತ್ತದೆ.

ಕಿರಾಣಿ ಬಿಲ್ಲಿನ ಫಾರ್ಮ್ ಒಂದನ್ನು ನೋಡೋಣ. ಅಕ್ಕಿಯ ದರದ ಪೆಟ್ಟಿಗೆಯಲ್ಲಿ 52.50 ಇದೆ, ಪ್ರಮಾಣ 25 ಕಿಲೋ, ಒಟ್ಟು 1,312.50. ಬಳಕೆದಾರ ದರವನ್ನು ಅಳಿಸಿ 54 ಎಂದು ಹೊಡೆಯುತ್ತಾನೆ. ವಿಂಡೋಸ್ ಫಾರ್ಮ್ಸ್‌ನಲ್ಲಿ ಸುಮ್ಮನೆ ಬಿಟ್ಟರೆ ಇರುವ ಕ್ರಮದಂತೆ ಈ ಕ್ಷಣದಲ್ಲಿ ತೆರೆಯ ಮೇಲೆ 54 ಇದ್ದರೂ ವಸ್ತುವಿನಲ್ಲಿ ಇನ್ನೂ 52.50 ಇದೆ. ಟ್ಯಾಬ್ ಒತ್ತಿದಾಗ ಮೊದಲು ಪರಿಶೀಲನೆಯ ಘಟನೆ ನಡೆಯುತ್ತದೆ, ಆಮೇಲೆ ‘54’ ಎಂಬ ಪಠ್ಯ ದಶಮಾಂಶ ಸಂಖ್ಯೆಯಾಗುತ್ತದೆ, ಆ ಸಂಖ್ಯೆ ವಸ್ತುವಿನ ದರಕ್ಕೆ ಬರುತ್ತದೆ, ವಸ್ತು ‘ದರ ಬದಲಾಯಿತು’ ಎಂದು ಸಾರುತ್ತದೆ, ಪೆಟ್ಟಿಗೆ ಅದನ್ನು ಕೇಳಿಸಿಕೊಂಡು ತನ್ನೊಳಗಿನ 54 ಅನ್ನು 54.00 ಎಂದು ತಿದ್ದಿ ಬರೆದುಕೊಳ್ಳುತ್ತದೆ. ಒಟ್ಟು ಮೊತ್ತ 1,350.00ಕ್ಕೆ ಏರಬೇಕಾದರೆ ದರ ಬದಲಾದಾಗ ‘ಒಟ್ಟು ಕೂಡ ಬದಲಾಯಿತು’ ಎಂದು ವಸ್ತು ಬೇರೆಯಾಗಿ ಸಾರಬೇಕು. ಒಟ್ಟು ಎಂಬುದು ಎಲ್ಲಿಯೂ ಉಳಿಸದ, ಗುಣಿಸಿ ತೋರಿಸುವ ಪ್ರಾಪರ್ಟಿಯಾದ್ದರಿಂದ ಅದರ ಪರವಾಗಿ ಹೇಳುವವರು ಬೇರೆ ಯಾರೂ ಇಲ್ಲ.

ಈಗ ಬಳಕೆದಾರ 54 ಹೊಡೆದು ಟ್ಯಾಬ್ ಒತ್ತದೆ ನೇರವಾಗಿ ಮೇಲಿನ ಉಪಕರಣಪಟ್ಟಿಯ ‘ಉಳಿಸು’ ಗುಂಡಿ ಒತ್ತಿದನೆನ್ನಿ. ಟೂಲ್‌ಸ್ಟ್ರಿಪ್ ಎಂಬ ಈ ಪಟ್ಟಿಯ ಗುಂಡಿಗಳು ಫೋಕಸ್ ತೆಗೆದುಕೊಳ್ಳುವುದಿಲ್ಲ. ಕರ್ಸರ್ ದರದ ಪೆಟ್ಟಿಗೆಯಲ್ಲೇ ಉಳಿಯಿತು, ಪರಿಶೀಲನೆ ನಡೆಯಲಿಲ್ಲ, ವಸ್ತುವಿಗೆ 54 ತಲುಪಲಿಲ್ಲ, ದತ್ತಸಂಚಯದಲ್ಲಿ 52.50 ಉಳಿಯಿತು. ತೆರೆ ಮಾತ್ರ 54 ಎಂದೇ ತೋರಿಸುತ್ತಿದೆ. ಬಳಕೆದಾರ ಕಣ್ಣಾರೆ ಕಂಡದ್ದು ಉಳಿಯದೆ ಹೋಗುವ ಈ ದೋಷ ಬೈಂಡಿಂಗ್ ಬಳಸುವ ತಂತ್ರಾಂಶದಲ್ಲಿ ಅತಿ ಗಂಭೀರವಾದದ್ದು, ಏಕೆಂದರೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಇದಕ್ಕಾಗಿಯೇ ವಿಷುಯಲ್ ಸ್ಟುಡಿಯೊ ತಾನೇ ಬರೆದುಕೊಡುವ ಉಳಿಸುವ ಕೋಡ್ ಮೂರು ಹೆಜ್ಜೆಗಳಲ್ಲಿರುತ್ತದೆ: ಮೊದಲು ವ್ಯಾಲಿಡೇಟ್, ಅನಂತರ ಬೈಂಡಿಂಗ್‌ಸೋರ್ಸ್‌ನ ಎಂಡ್‌ಎಡಿಟ್, ಆಮೇಲೆ ದತ್ತಸಂಚಯಕ್ಕೆ ಬರೆಯುವ ಆಜ್ಞೆ. ಮೊದಲೆರಡು ಸಾಲುಗಳು ಅನಗತ್ಯವೆಂದು ಅಳಿಸಿದವರು ಈ ದೋಷವನ್ನು ಕೈಯಾರೆ ಬರಮಾಡಿಕೊಂಡಂತೆ.

ಡಬ್ಲ್ಯುಪಿಎಫ್‌ನಲ್ಲಿ ಟೆಕ್ಸ್ಟ್‌ಬಾಕ್ಸ್‌ನ ಪಠ್ಯ ಸಾಮಾನ್ಯವಾಗಿ ಫೋಕಸ್ ಬಿಟ್ಟಾಗ ಮೂಲಕ್ಕೆ ಹೋಗುತ್ತದೆ. ಪ್ರತಿ ಅಕ್ಷರಕ್ಕೂ ಹೋಗುವಂತೆ, ಅಥವಾ ಕೋಡ್ ಕೇಳಿದಾಗ ಮಾತ್ರ ಹೋಗುವಂತೆಯೂ ಬದಲಿಸಬಹುದು. ಪ್ರತಿ ಅಕ್ಷರಕ್ಕೆ ಕಳಿಸುವ ಕ್ರಮ ಹುಡುಕು ಪೆಟ್ಟಿಗೆಗೆ ಚೆನ್ನ, ಮೊತ್ತದ ಪೆಟ್ಟಿಗೆಗೆ ಕೆಟ್ಟದ್ದು. ‘54.’ ಎಂದು ಹೊಡೆದ ಅರ್ಧ ಸಂಖ್ಯೆಯನ್ನೂ ಅದು ಪರಿವರ್ತಿಸಲು ಹೊರಡುತ್ತದೆ. ಕನ್ನಡ ಬರಹಕ್ಕೂ ಈ ಎಚ್ಚರ ಬೇಕು. ‘ಸ್ತ್ರೀ’ ಎಂಬ ಒಂದು ಅಕ್ಷರ ಯೂನಿಕೋಡ್‌ನಲ್ಲಿ ಆರು ಸಂಕೇತ. ಒಂದೊಂದು ಸಂಕೇತವನ್ನೇ ಕಳಿಸುವ ಕೀಲಿಮಣೆಯಲ್ಲಿ ಮೂಲಕ್ಕೆ ಆರು ಬಾರಿ ಮೌಲ್ಯ ಬರುತ್ತದೆ, ಮೊದಲ ಐದು ಅರೆಬರೆ ರೂಪಗಳು. ಪೆಟ್ಟಿಗೆಯ ಗರಿಷ್ಠ ಉದ್ದ ಎಣಿಸುವುದೂ ಸಂಕೇತಗಳನ್ನೇ. ಇಂಗ್ಲಿಷ್ ಹೆಸರಿಗೆ ಸಾಕಾಗುವ 10ರ ಮಿತಿ ಕನ್ನಡ ಹೆಸರನ್ನು ಒತ್ತಕ್ಷರದ ನಡುವೆ ಕತ್ತರಿಸಬಹುದು.

ಪರಿವರ್ತನೆ ಮತ್ತು ಪರಿಶೀಲನೆ

ಮೂಲದಲ್ಲಿ ಸಂಖ್ಯೆ, ದಿನಾಂಕ, ಹೌದು-ಅಲ್ಲಗಳಿರುತ್ತವೆ. ಗುರಿಯಲ್ಲಿ ಪಠ್ಯ, ಬಣ್ಣ, ಕಾಣುವಿಕೆಗಳಿರುತ್ತವೆ. ನಡುವಣ ಅನುವಾದವನ್ನು ವಿಂಡೋಸ್ ಫಾರ್ಮ್ಸ್‌ನಲ್ಲಿ ಫಾರ್ಮ್ಯಾಟ್ ಮತ್ತು ಪಾರ್ಸ್ ಘಟನೆಗಳೂ, ಡಬ್ಲ್ಯುಪಿಎಫ್‌ನಲ್ಲಿ ವ್ಯಾಲ್ಯೂ ಕನ್ವರ್ಟರ್ ಎಂಬ ವಸ್ತುಗಳೂ ಮಾಡುತ್ತವೆ. ದ್ವಿಮುಖ ಬಂಧಕ್ಕೆ ಪರಿವರ್ತನೆ ಎರಡೂ ಕಡೆಗೆ ಬೇಕು.

ಇಲ್ಲಿ ಭಾರತದ ಬಳಕೆದಾರರನ್ನು ನೇರವಾಗಿ ತಟ್ಟುವ ಒಂದು ಸಂಗತಿ ಇದೆ. ಡಬ್ಲ್ಯುಪಿಎಫ್ ಬಂಧಗಳು ಗಣಕದ ಪ್ರಾದೇಶಿಕ ವ್ಯವಸ್ಥೆಯನ್ನು ತಾವಾಗಿ ಅನುಸರಿಸುವುದಿಲ್ಲ. ಬೇರೆ ಹೇಳದಿದ್ದರೆ ಅಮೆರಿಕದ ಇಂಗ್ಲಿಷ್ ಕ್ರಮವನ್ನೇ ಹಿಡಿಯುತ್ತವೆ. ಹಾಗಾಗಿ ಹನ್ನೆರಡೂವರೆ ಲಕ್ಷ 12,50,000 ಎಂದು ಕಾಣುವ ಬದಲು 1,250,000 ಎಂದು ಕಾಣುತ್ತದೆ. ಕಿಟಕಿಯ ಲ್ಯಾಂಗ್ವೇಜ್ ಪ್ರಾಪರ್ಟಿಯನ್ನು ಭಾರತದ ಕ್ರಮಕ್ಕೆ ಹೊಂದಿಸಿದ ಮೇಲೆ ಲಕ್ಷ-ಕೋಟಿಯ ಗುಂಪು ಸರಿಬರುತ್ತದೆ. ಅಂಕಿಗಳು ಮಾತ್ರ ಆಗಲೂ 0-9 ಆಗಿಯೇ ಇರುತ್ತವೆ. ೦-೯ ತೋರಿಸಿ, ಬಳಕೆದಾರ ಹೊಡೆದ ೦-೯ ಅನ್ನು ಹಿಂದಕ್ಕೆ ಓದಬೇಕಿದ್ದರೆ ಸ್ವಂತ ಪರಿವರ್ತಕ ಬರೆಯಬೇಕು, ಏಕೆಂದರೆ ಡಾಟ್‌ನೆಟ್‌ನ ಸಂಖ್ಯೆ ಓದುವ ವಿಧಾನಗಳು ಕನ್ನಡ ಅಂಕಿಯನ್ನು ಸಂಖ್ಯೆಯೆಂದು ಒಪ್ಪುವುದಿಲ್ಲ.

ಪರಿಶೀಲನೆಯ ನಿಯಮ ಕಂಟ್ರೋಲ್‌ನಲ್ಲಿರಬೇಕೋ ವಸ್ತುವಿನಲ್ಲಿರಬೇಕೋ ಎಂಬ ಪ್ರಶ್ನೆಗೆ ಈಗಿನ ಒಲವು ವಸ್ತುವಿನ ಕಡೆಗೆ. ಐಡೇಟಾಎರರ್‌ಇನ್ಫೊ, ಮತ್ತು 2012ರಲ್ಲಿ ಡಬ್ಲ್ಯುಪಿಎಫ್‌ಗೆ ಬಂದ ಐನೋಟಿಫೈಡೇಟಾಎರರ್‌ಇನ್ಫೊ ಒಪ್ಪಂದಗಳಲ್ಲಿ ವಸ್ತುವೇ ತನ್ನ ತಪ್ಪನ್ನು ಹೇಳುತ್ತದೆ. ತೆರೆ ಕೆಂಪು ಚೌಕಟ್ಟು ಹಾಕುತ್ತದೆ. ಎರಡನೆಯದರಲ್ಲಿ ಒಂದು ಖಾನೆಗೆ ಹಲವು ತಪ್ಪುಗಳನ್ನು, ತಡವಾಗಿ ತಿಳಿದುಬಂದ ತಪ್ಪನ್ನೂ ವರದಿ ಮಾಡಬಹುದು.

ವಿನ್ಯಾಸ ಮಾದರಿ

ತೆರೆಯ ಸ್ಥಿತಿಯನ್ನೆಲ್ಲ ಕಂಟ್ರೋಲ್‌ಗಳಿಲ್ಲದ ಒಂದು ಸಾದಾ ವಸ್ತುವಿನಲ್ಲಿಡುವ ಪ್ರೆಸೆಂಟೇಶನ್ ಮಾಡೆಲ್ ಅನ್ನು ಮಾರ್ಟಿನ್ ಫೌಲರ್ 2004ರಲ್ಲಿ ವಿವರಿಸಿದರು. 2005ರಲ್ಲಿ ಮೈಕ್ರೋಸಾಫ್ಟ್‌ನ ಜಾನ್ ಗಾಸ್ಮನ್ ಇದೇ ಕಲ್ಪನೆಯನ್ನು ಡಬ್ಲ್ಯುಪಿಎಫ್ ಬೈಂಡಿಂಗ್‌ಗೆ ಹೊಂದಿಸಿ ಮಾಡೆಲ್-ವ್ಯೂ-ವ್ಯೂಮಾಡೆಲ್ ಎಂದು ಕರೆದರು. ಎಂವಿವಿಎಂ ಎಂದೇ ಪ್ರಸಿದ್ಧವಾದ ಈ ಮಾದರಿಯಲ್ಲಿ ಗುಂಡಿಯ ಒತ್ತುವಿಕೆಯೂ ಕಮಾಂಡ್ ಎಂಬ ಬಂಧದ ಮೂಲಕ ಸಾಗುತ್ತದೆ. ವ್ಯೂಮಾಡೆಲ್‌ಗೆ ತೆರೆ ಯಾವುದೆಂದು ಗೊತ್ತಿಲ್ಲದ ಕಾರಣ ಕಿಟಕಿ ತೆರೆಯದೆಯೇ ಅದನ್ನು ಸ್ವಯಂಚಾಲಿತವಾಗಿ ಪರೀಕ್ಷಿಸಬಹುದು.

ಮಿತಿಗಳು

ತಪ್ಪಿದ ಬಂಧ ಸದ್ದಿಲ್ಲದೆ ಸೋಲುತ್ತದೆ. ಡಬ್ಲ್ಯುಪಿಎಫ್‌ನಲ್ಲಿ ಹಾದಿಯ ಹೆಸರು ತಪ್ಪಾದರೆ ತಂತ್ರಾಂಶ ನಿಲ್ಲುವುದಿಲ್ಲ. ಪೆಟ್ಟಿಗೆ ಖಾಲಿ ಇರುತ್ತದೆ, ಡೆವಲಪರ್‌ನ ಔಟ್‌ಪುಟ್ ಕಿಟಕಿಯಲ್ಲಿ ಒಂದು ಸಾಲು ಬೀಳುತ್ತದೆ, ಅಷ್ಟೆ. ಇನ್ನೊಂದು ತೊಂದರೆ ಬಂಧ ಕಡಿಯುವುದು. ಏಕಮುಖವಾಗಿ ಕಟ್ಟಿದ ಪ್ರಾಪರ್ಟಿಗೆ ಕೋಡ್‌ನಿಂದ ನೇರ ಮೌಲ್ಯ ಕೊಟ್ಟರೆ ಬಂಧ ಹೋಗಿ ಆ ಮೌಲ್ಯ ಮಾತ್ರ ಉಳಿಯುತ್ತದೆ. ಕ್ಯೂಟಿಯ ಕ್ಯೂಎಂಎಲ್ ಭಾಷೆಯಲ್ಲೂ ಹೀಗೆಯೇ.

ದೀರ್ಘಕಾಲ ಬದುಕುವ ಮೂಲವು ತನಗೆ ಕಟ್ಟಿದ ಕಂಟ್ರೋಲನ್ನು ಹಿಡಿದಿಟ್ಟುಕೊಂಡರೆ, ಮುಚ್ಚಿದ ಫಾರ್ಮ್ ಸ್ಮೃತಿಯಿಂದ ಹೋಗುವುದಿಲ್ಲ. ಡಬ್ಲ್ಯುಪಿಎಫ್ ಇದಕ್ಕಾಗಿ ದುರ್ಬಲ ಉಲ್ಲೇಖಗಳನ್ನು ಬಳಸುತ್ತದೆ, ಆದರೆ ಸೂಚನೆಯ ಒಪ್ಪಂದ ಪಾಲಿಸದ ಸಾದಾ ವಸ್ತುವಿಗೆ ಕಟ್ಟಿದಾಗ ಈ ರಕ್ಷಣೆ ಸಿಗದೆ ಸ್ಮೃತಿ ಸೋರುತ್ತದೆ. ಹಿನ್ನೆಲೆಯ ಥ್ರೆಡ್‌ನಿಂದ ಪಟ್ಟಿ ಬದಲಿಸುವಂತಿಲ್ಲ ಎಂಬುದು ಹೆಚ್ಚುಕಡಿಮೆ ಎಲ್ಲ ಡೆಸ್ಕ್‌ಟಾಪ್ ವ್ಯವಸ್ಥೆಗಳ ನಿಯಮ. ಸಾವಿರಾರು ಸಾಲುಗಳ ಪಟ್ಟಿಯನ್ನು ಕಟ್ಟುವಾಗ ಕಣ್ಣಿಗೆ ಕಾಣುವ ಸಾಲುಗಳಿಗಷ್ಟೇ ಕಂಟ್ರೋಲ್ ಸೃಷ್ಟಿಸುವ ವರ್ಚುವಲೈಸೇಶನ್ ಬೇಕು.

ಒಂದೇ ದಾಖಲೆಯನ್ನು ಇಬ್ಬರು ತಿದ್ದುವ ಸಮಸ್ಯೆ ಬೈಂಡಿಂಗ್‌ನ ವ್ಯಾಪ್ತಿಗೆ ಹೊರಗಿನದು. ಡಾಟ್‌ನೆಟ್‌ನ ಡೇಟಾಸೆಟ್ ಪ್ರತಿ ಸಾಲಿನ ಮೂಲ ಮತ್ತು ಪ್ರಸ್ತುತ ಎರಡೂ ಆವೃತ್ತಿಗಳನ್ನು ಇಟ್ಟುಕೊಂಡು ಉಳಿಸುವಾಗ ಹೋಲಿಸಲು ಅವಕಾಶ ಕೊಡುತ್ತದೆ. ಹೋಲಿಸುವ ಹೊಣೆ ಪ್ರೋಗ್ರಾಮರ್‌ನದು.

ಇಂದಿನ ಸ್ಥಿತಿ

ಓಡುವ ಹೊತ್ತಿನಲ್ಲಿ ಹೆಸರು ಹುಡುಕುವ ಹಳೆಯ ಬಂಧಗಳ ಜಾಗಕ್ಕೆ ಕಂಪೈಲ್ ಹೊತ್ತಿನಲ್ಲೇ ಪರೀಕ್ಷೆಗೊಳಗಾಗುವ ಬಂಧಗಳು ಬರುತ್ತಿವೆ. ವಿಂಡೋಸ್ 10ರ ಜೊತೆ 2015ರಲ್ಲಿ ಬಂದ ಎಕ್ಸ್-ಬೈಂಡ್ ಅಂಥದು. ಮುಕ್ತ ತಂತ್ರಾಂಶವಾದ ಅವಲೋನಿಯಾದಲ್ಲೂ ಈ ಸೌಲಭ್ಯವಿದೆ. ಜಾವಾಎಫ್ಎಕ್ಸ್‌ನಲ್ಲಿ ಪ್ರಾಪರ್ಟಿಗಳೇ ವಸ್ತುಗಳಾದ್ದರಿಂದ ಹೆಸರಿನ ಪಠ್ಯವೇ ಬೇಕಿಲ್ಲ. 2020ರ ಕ್ಯೂಟಿ 6 ಬಂಧಿಸಬಲ್ಲ ಪ್ರಾಪರ್ಟಿಗಳನ್ನು ಸಿ ಪ್ಲಸ್ ಪ್ಲಸ್ ಭಾಷೆಗೇ ತಂದಿತು. ಆ್ಯಪಲ್ 2019ರಲ್ಲಿ ಸ್ವಿಫ್ಟ್‌ಯುಐ ತಂದ ಮೇಲೆ ಹೊಸ ಮ್ಯಾಕ್ ತಂತ್ರಾಂಶದಲ್ಲಿ ಸ್ಥಿತಿಯಿಂದ ತೆರೆಯನ್ನು ಮತ್ತೆ ಮತ್ತೆ ಲೆಕ್ಕಹಾಕುವ ಪದ್ಧತಿ ಬೆಳೆಯುತ್ತಿದೆ. ಅಲ್ಲಿಯೂ ಪಠ್ಯಪೆಟ್ಟಿಗೆಗೆ ದ್ವಿಮುಖ ಬಂಧ ಬೇಕೇ ಆಯಿತು, ಅದರ ಹೆಸರೂ ಬೈಂಡಿಂಗ್ ಎಂದೇ.

ವಿಂಡೋಸ್ ಫಾರ್ಮ್ಸ್ ಮತ್ತು ಡಬ್ಲ್ಯುಪಿಎಫ್ ಎರಡರ ಆಕರ ಕೋಡೂ 2018ರ ಡಿಸೆಂಬರ್‌ನಲ್ಲಿ ಮುಕ್ತವಾಯಿತು. 2019ರ ಡಾಟ್‌ನೆಟ್ ಕೋರ್ 3.0 ಇವುಗಳನ್ನು ಹೊಸ ವೇದಿಕೆಗೆ ಸಾಗಿಸಿತು. ವಿಷುಯಲ್ ಬೇಸಿಕ್ 6ರ ಅಭಿವೃದ್ಧಿ ಉಪಕರಣಕ್ಕೆ ಬೆಂಬಲ 2008ರಲ್ಲೇ ಮುಗಿದಿದ್ದರೂ ಅದರಲ್ಲಿ ಕಟ್ಟಿದ ಫಾರ್ಮ್‌ಗಳು ಓಡಲು ಬೇಕಾದ ರನ್‌ಟೈಮ್ ವಿಂಡೋಸ್ 11ರಲ್ಲೂ ಉಳಿದಿದೆ. ವಿಂಡೋಸ್ ಫಾರ್ಮ್ಸ್‌ಗೆ 2022ರ ಡಾಟ್‌ನೆಟ್ 7ರಲ್ಲಿ ಡೇಟಾಕಾಂಟೆಕ್ಸ್ಟ್ ಪ್ರಾಪರ್ಟಿ ಮತ್ತು ಗುಂಡಿಗಳಿಗೆ ಕಮಾಂಡ್ ಬಂಧ ಪೂರ್ವಪ್ರಯೋಗವಾಗಿ ಸೇರಿದವು. ಹಾಗಾಗಿ ಹಳೆಯ ಫಾರ್ಮ್‌ಗಳನ್ನು ಮತ್ತೆ ಬರೆಯದೆ ಎಂವಿವಿಎಂ ಮಾದರಿಗೆ ಒಂದೊಂದಾಗಿ ಒಗ್ಗಿಸಲು ಈಗ ಸಾಧ್ಯ.